ಮಾನ್ಯ ಫ್ಯಾನ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಫ್ಯಾನ್ ಸಾಹೇಬರು,
ಕೀಬೋರ್ಡಿನ ಕೆಳಗೆ, ಎಡಗಡೆ ಮೂಲೆ,
ಆನ್‌ಲೈನ್ ಅಂಗಡಿಯ ಲ್ಯಾಪ್‌ಟಾಪ್,
ಅಣ್ಣಿಗೇರಿ ತಾಲೂಕು, ಧಾರವಾಡ ಜಿಲ್ಲೆ.

ವಿಷಯ: ಆಪರೇಟಿಂಗ್ ಸಿಸ್ಟಮ್ ಮೇಲ್ದರ್ಜೆಗೆ ಏರಿದಂದಿನಿಂದ ತಾವು ಸಾರ್ವಜನಿಕರ ಎದುರಿಗೆ ಜೋರಾಗಿ ಕೂಗುತ್ತಿರುವ ಬಗ್ಗೆ.

ಮಾನ್ಯರೇ,

ತಾವು ಈ ಅಂಗಡಿಯ ಸೇವೆಗೆ ಸೇರಿ ವರ್ಷಗಳೇ ಆದವು. ಇಷ್ಟು ದಿನ ಒಳಗೊಬ್ಬರು ಇದ್ದೀರಿ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಮಾಡಬೇಕು, ಸಪ್ಪಳ ಮಾಡಬಾರದು ಎಂಬ ನೌಕರಿಯ ಮೊದಲ ನಿಯಮವನ್ನು ತಮ್ಮಷ್ಟು ಚೆನ್ನಾಗಿ ಪಾಲಿಸಿದವರನ್ನು ನಾನು ಸರಕಾರಿ ಕಚೇರಿಗಳಲ್ಲೂ ನೋಡಿಲ್ಲ. ಅಂಥ ತಾವು ಹೊಸ ಆವೃತ್ತಿ ಬಂದು ಕೂತ ದಿನದಿಂದ ಒಂದೇ ಸಮ ಸುಂಯ್ ಎನ್ನುತ್ತಿದ್ದೀರಿ. ಪಹಣಿ ತೆಗೆಸಲು ಬಂದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು, "ತಮ್ಮಾ, ಉತಾರ ತಗೀತೀಯೋ, ಗಿರಣಿ ಹಾಕೀಯೋ? ಜ್ವಾಳ ತರಬೇಕಿತ್ತಲ್ಲ" ಅಂದರು. ಕೂತಿದ್ದವರೆಲ್ಲ ನಕ್ಕರು. ನಗುವ ಸಪ್ಪಳವೂ ತಮ್ಮ ಸಪ್ಪಳದ ಮುಂದೆ ಸಣ್ಣದಾಯಿತು. ಆದ್ದರಿಂದ ಈ ಪತ್ರ.

ಮೇಲ್ದರ್ಜೆಗೆ ಏರಿಸಿದ್ದು ಶೋಕಿಗಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಸವಲತ್ತು ಸಿಕ್ಕಿತು, ಅಷ್ಟೇ. ಹೊಸ ಆವೃತ್ತಿಗೆ ಹೋಗೋಣವೆಂದರೆ ಅಲ್ಲಿ ಬಾಗಿಲು ಕಾಯುವವರು ಬೇರೆ: ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಇರಬೇಕು. ಪಡಿತರ ಚೀಟಿಗೂ ಇಷ್ಟು ದಾಖಲೆ ಕೇಳುವುದಿಲ್ಲ. ಹೀಗಾಗಿ ಆ ವರ್ಷ ನವಲಗುಂದದಿಂದ ಕಲಘಟಗಿಯವರೆಗೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆಲ್ಲ ಒಂದೇ ಪ್ರಶ್ನೆ: ಏರಿಸೋದೋ, ಬಿಡೋದೋ?

ಇಷ್ಟು ಬರೆದೆನೆಂದು ವಿಂಡೋಸ್ ಒಂದರ ಮೇಲೆಯೇ ಗೂಬೆ ಕೂರಿಸಬಾರದು. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಎಲ್ಲರ ಮನೆಯ ದೋಸೆಯೂ ತೂತೇ. ವಿಂಡೋಸ್ ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಕಡತಗಳ ಸೂಚಿಯನ್ನು ಮತ್ತೆ ಕಟ್ಟುತ್ತದೆ. ಮ್ಯಾಕ್ ಆದರೆ ಸ್ಪಾಟ್‌ಲೈಟ್ ಅದೇ ಕೆಲಸಕ್ಕೆ ಕೂರುತ್ತದೆ, ಜೊತೆಗೆ ಫೋಟೋಸ್ ಆ್ಯಪ್ ಚಿತ್ರಗಳಲ್ಲಿರುವ ಮುಖಗಳನ್ನು ಗುರುತಿಸಲು ತೊಡಗುತ್ತದೆ. ಲಿನಕ್ಸ್‌ನ ಕೆಲವು ಡೆಸ್ಕ್‌ಟಾಪ್‌ಗಳಲ್ಲಿಯೂ ಇಂಥದೊಂದು ಇಂಡೆಕ್ಸರ್ ಇದೆ. ಯಾವ ದೇವರಿಗೆ ನಡೆದುಕೊಂಡರೂ ಕಾಯಿ ಒಡೆಯುವುದು ತಪ್ಪುವುದಿಲ್ಲ.

ಸಾಹೇಬರೇ, ತಮ್ಮ ಕೂಗಿಗೆ ಊರಲ್ಲಿ ಎಷ್ಟು ವೈದ್ಯರು ಹುಟ್ಟಿಕೊಂಡರು ಎಂಬುದನ್ನು ತಾವು ಕೇಳಬೇಕು. "ವೈರಸ್ ಹೊಕ್ಕೈತ್ರಿ" ಎಂದು ಒಬ್ಬರು. "ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಕ್ಲೀನ್ ಆಗ್ತೈತಿ" ಎಂದು ಇನ್ನೊಬ್ಬರು. ನಮ್ಮ ಕಡೆ ಲ್ಯಾಪ್‌ಟಾಪಿನ ಸಕಲ ರೋಗಕ್ಕೂ ಫಾರ್ಮ್ಯಾಟೇ ಮದ್ದು. ಕೀಬೋರ್ಡಿನ ಒಂದು ಅಕ್ಷರ ಏಳದಿದ್ದರೂ ಅದನ್ನೇ ಹೊಡೆಯುತ್ತಾರೆ. ಹುಬ್ಬಳ್ಳಿಯಲ್ಲಿ ಓದುವ ಹುಡುಗನೊಬ್ಬ ಬಂದು, ಅಂತರ್ಜಾಲದಲ್ಲಿ ಒಂದು ತಂತ್ರಾಂಶ ಸಿಗುತ್ತದೆ, ಅದನ್ನು ಹಾಕಿದರೆ ಫ್ಯಾನ್ ವೇಗವನ್ನು ನಾವೇ ಇಳಿಸಬಹುದು, ಸಪ್ಪಳ ಬಂದ್ ಆಗುತ್ತದೆ ಎಂದ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಸಲಹೆ ತೂಕವಾಗಿ ಕಂಡಿತು.

ಆ ಸಲಹೆಯ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು, ಏಕೆಂದರೆ ಇಡೀ ತಕರಾರಿನ ಗಂಟು ಇರುವುದು ಅಲ್ಲಿ. ತಾವು ತಮ್ಮ ಮನಸ್ಸಿಗೆ ಬಂದ ಹಾಗೆ ತಿರುಗುವವರಲ್ಲ. ಪ್ರೊಸೆಸರಿನೊಳಗೆ ಉಷ್ಣ ಅಳೆಯುವ ಸೆನ್ಸರ್‌ಗಳಿವೆ. ಮದರ್‌ಬೋರ್ಡಿನ ಮೇಲೆ ಕೂತ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ ಅವನ್ನು ಓದಿ, ಇಷ್ಟು ಬಿಸಿಗೆ ಇಷ್ಟು ವೇಗ ಎಂದು ತಮಗೆ ಆದೇಶ ಕೊಡುತ್ತದೆ. ಪ್ರೊಸೆಸರಿನ ತಲೆಯ ಮೇಲೆ ಒಂದು ತಾಮ್ರದ ಪಟ್ಟಿ, ಅದರಿಂದ ಹೊರಟ ತಾಮ್ರದ ಕೊಳವೆ, ಕೊಳವೆಯ ತುದಿಗೆ ಬಾಚಣಿಕೆಯ ಹಲ್ಲಿನಷ್ಟು ಒತ್ತಾದ ಲೋಹದ ಎಸಳುಗಳು. ಆ ಎಸಳುಗಳ ಸಂದಿಯಿಂದ ಗಾಳಿ ನೂಕುವುದಷ್ಟೇ ತಮ್ಮ ಕೆಲಸ. ಬಿಸಿ ಹುಟ್ಟಿಸುವವರು ಬೇರೆ, ಆದೇಶ ಕೊಡುವವರು ಬೇರೆ, ಹೊರಗೆ ಒಯ್ದು ಹಾಕುವವರು ತಾವು, ಬೈಸಿಕೊಳ್ಳುವವರೂ ತಾವೇ. ಈಗ ತಮ್ಮ ಬಾಯಿ ಮುಚ್ಚಿಸಿದರೆ ಬಿಸಿ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತದೆ. ಸುಮಾರು 100 ಡಿಗ್ರಿ ಮುಟ್ಟುವ ಹೊತ್ತಿಗೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಗ ಲ್ಯಾಪ್‌ಟಾಪ್ ಬಹಳ ಶಾಂತವಾಗಿ, ಬಹಳ ಸಭ್ಯವಾಗಿ, ಯಾವ ಕೆಲಸವನ್ನೂ ಮಾಡುವುದಿಲ್ಲ. ನಮಗೆ ಬೇಕಾದ ಶಾಂತಿ ಅದೇ ಆಗಿದ್ದರೆ ಪವರ್ ಬಟನ್ ಒತ್ತುವುದು ಸುಲಭ.

ಕೂಗಿದವರನ್ನೇ ತಪ್ಪಿತಸ್ಥರೆಂದು ಬಗೆಯುವುದು ಈ ಸೀಮೆಗೆ ಹೊಸದಲ್ಲ, ಸಾಹೇಬರೇ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಬೀದಿಗೆ ಬಂದಾಗ ಗೋಲಿಬಾರ್ ಆಯಿತು, ಜೀವ ಹೋಯಿತು. ಆ ದಿನವನ್ನು ಇಂದಿಗೂ ಇಲ್ಲಿ ರೈತ ಹುತಾತ್ಮರ ದಿನವಾಗಿ ನೆನೆಯುತ್ತಾರೆ. ಆ ದೊಡ್ಡ ನೋವನ್ನು ನನ್ನ ಅಂಗಡಿಯ ಸಣ್ಣ ಕಿರಿಕಿರಿಗೆ ಹೋಲಿಸುವ ಅವಿವೇಕ ನನಗಿಲ್ಲ. ಸಪ್ಪಳ ಕೇಳಿದ ಕೂಡಲೇ ಏನು ಕಾದಿದೆ ಎಂದು ನೋಡುವ ಬದಲು ಸಪ್ಪಳ ನಿಲ್ಲಿಸುವ ಗುಂಡಿ ಹುಡುಕುವ ಬುದ್ಧಿ ಎಲ್ಲರಿಗೂ ಎಷ್ಟು ಬೇಗ ಹೊಳೆಯುತ್ತದೆ ಎಂಬುದಕ್ಕೆ ಈ ಮಾತು ತಂದೆ. ಇನ್ನು ಒಳಗೆ ಏನು ಕಾದಿದೆ ಎಂದು ನೋಡುವ ಬಗೆ.

ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಎಂಬ ಕಾಲಂ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಯಾರು ಹೆಚ್ಚು ತಿನ್ನುತ್ತಿದ್ದಾರೋ ಅವರು ಪಂಕ್ತಿಯ ತಲೆಗೆ ಬಂದು ಕೂರುತ್ತಾರೆ. ಮ್ಯಾಕ್‌ನಲ್ಲಿ ಈ ಕೆಲಸಕ್ಕೆ ಆ್ಯಕ್ಟಿವಿಟಿ ಮಾನಿಟರ್, ಲಿನಕ್ಸ್‌ನಲ್ಲಿ ಟಾಪ್. ಅಪ್‌ಗ್ರೇಡ್ ಆದ ಹೊಸತರಲ್ಲಿ ಪಂಕ್ತಿಯಲ್ಲಿ ಕಾಣುವ ಮುಖಗಳು ಹೆಚ್ಚುಕಮ್ಮಿ ಒಂದೇ: ಸೂಚಿ ಕಟ್ಟುವವರು, ವೈರಸ್ ಹುಡುಕುವವರು, ಉಳಿದ ಅಪ್‌ಡೇಟ್‌ಗಳನ್ನು ಇಳಿಸಿ ಜೋಡಿಸುವವರು, ಮೋಡದ ಮೇಲಿನ ಉಗ್ರಾಣಕ್ಕೆ ಕಡತ ಸಾಗಿಸುವವರು. ಇವರ ಕೆಲಸ ನ್ಯಾಯವಾದದ್ದೇ. ಕೆಲವು ತಾಸು, ಬಹಳವಾದರೆ ಒಂದೆರಡು ದಿನ ನಡೆದು ಮುಗಿಯುತ್ತದೆ, ತಮ್ಮ ಕೂಗೂ ತಾನಾಗಿ ಇಳಿಯುತ್ತದೆ. ಹೀಗೆಂದು ತಿಳಿದವರು ಹೇಳುತ್ತಾರೆ.

ಆದರೆ ಆ ಲೆಕ್ಕ ಹಾಕಿದವರು ನಮ್ಮ ಊರಿಗೆ ಬಂದಿಲ್ಲ. ಈ ಹಿನ್ನೆಲೆಯ ಕೆಲಸಗಾರರಲ್ಲಿ ಹಲವರಿಗೆ ಎರಡು ಷರತ್ತು: ಯಂತ್ರ ಕರೆಂಟಿಗೆ ಸಿಕ್ಕಿಸಿರಬೇಕು, ಯಂತ್ರದ ಮಾಲೀಕ ಸುಮ್ಮನಿರಬೇಕು. ವಿಂಡೋಸ್‌ನ ಸ್ವಯಂಚಾಲಿತ ನಿರ್ವಹಣೆಗೆ ಇಟ್ಟ ಮುಹೂರ್ತ ರಾತ್ರಿ ಎರಡು ಗಂಟೆ. ರಾತ್ರಿ ಎರಡಕ್ಕೆ ನಮ್ಮ ಅಂಗಡಿಯ ಶಟರ್ ಎಳೆದಿರುತ್ತದೆ, ಮೇನ್ ಸ್ವಿಚ್ ಆರಿಸಿರುತ್ತೇವೆ, ಲ್ಯಾಪ್‌ಟಾಪ್ ಚೀಲದಲ್ಲಿ ಮಲಗಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ರಾತ್ರಿಯ ಬಾಕಿ ಕೆಲಸವೆಲ್ಲ ಪಾಳಿ ಹಚ್ಚಿ ಕಾಯುತ್ತಿರುತ್ತದೆ. ನಾವು ಚಹಾ ಕುಡಿಯಲು ಎದ್ದರೆ ಸಾಕು, "ಮಾಲೀಕ್ರು ಎದ್ರು" ಎಂದು ಎಲ್ಲರೂ ಒಮ್ಮೆಗೇ ಶುರು ಹಚ್ಚುತ್ತಾರೆ. ಚಹಾ ಮುಗಿಸಿ ಬಂದಾಗ ತಮ್ಮ ಆರ್ಭಟ. ಮುಟ್ಟದೆ ಬಿಟ್ಟಾಗಲೇ ಲ್ಯಾಪ್‌ಟಾಪ್ ಹೆಚ್ಚು ಬಡಿದುಕೊಳ್ಳುತ್ತದೆ ಎಂದು ಗಿರಾಕಿಗಳಿಗೆ ಹೇಳಿದರೆ ನಂಬುವುದಿಲ್ಲ; ಭಾನಾಮತಿ ಎಂದು ಬೇಕಾದರೆ ನಂಬಿಯಾರು. ಇದರ ನಡುವೆ ಕರೆಂಟ್ ಹೋಗುತ್ತದೆ. ಪರದೆಯ ಮೇಲೆ "ಕಂಪ್ಯೂಟರ್ ಆಫ್ ಮಾಡಬೇಡಿ" ಎಂಬ ಕಟ್ಟಪ್ಪಣೆ ಇದ್ದಾಗಲೇ ಹೋಗುತ್ತದೆ. ಅಪ್ಪಣೆಯನ್ನು ಲೈನ್‌ಮನ್ ಓದಿರುವುದಿಲ್ಲ. ಬ್ಯಾಟರಿ ಮುದಿಯಾಗಿದ್ದರೆ ಅರ್ಧ ಕಟ್ಟಿದ ಸೂಚಿ, ಅರ್ಧ ಇಳಿದ ಅಪ್‌ಡೇಟ್ ಎಲ್ಲವೂ ಮತ್ತೆ ಬಾಕಿ ಉಳಿಯುತ್ತವೆ. ಎರಡು ದಿನದ ಕೆಲಸ ಹೀಗೆ ವಾರಕ್ಕೆ ಎಳೆಯುತ್ತದೆ.

ಇದಕ್ಕೆ ಮದ್ದು ಫಾರ್ಮ್ಯಾಟ್ ಅಲ್ಲ, ಒಂದು ರಾತ್ರಿ. ಲ್ಯಾಪ್‌ಟಾಪನ್ನು ಮನೆಗೆ ಒಯ್ದು, ಚಾರ್ಜರ್ ಹಚ್ಚಿ, ನೆಟ್ ಕೊಟ್ಟು, ನಿದ್ದೆಗೆ ಜಾರದಂತೆ ಸೆಟಿಂಗ್ ಮಾಡಿ, ಮುಚ್ಚಳ ತೆರೆದೇ ಇಟ್ಟು ಮಲಗಬೇಕು. ಮನೆಯವರು ಬೈದರೆ ಬೈಸಿಕೊಳ್ಳಬೇಕು. ಅದಾದ ಮೇಲೂ ಕೂಗು ಇಳಿಯದಿದ್ದರೆ ಮುಂದಿನ ಮಾತು.

ಆ ಮುಂದಿನ ಮಾತು ಉಷ್ಣದ್ದು. ಬಹುತೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ, ಯಾರೂ ಓದದ ಹಿಂದಿನ ಪುಟದಲ್ಲಿ, ಒಂದು ಸಾಲು ಇರುತ್ತದೆ: ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ ಬಳಸಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನವಲಗುಂದದ ಬಯಲಿನಲ್ಲಿ ನೆರಳಿನ ಬಿಸಿಯೇ 38ರ ಆಸುಪಾಸು ಇರುತ್ತದೆ. ನಮ್ಮ ಅಂಗಡಿಗೆ ಇರುವುದು ತಗಡಿನ ಮಾಡು. ಅಂದರೆ ಕೈಪಿಡಿಯ ಪ್ರಕಾರ ವರ್ಷದಲ್ಲಿ ಕೆಲವು ತಿಂಗಳು ನಾವು ಬಳಕೆಗೆ ಯೋಗ್ಯವಲ್ಲದ ಪ್ರದೇಶದಲ್ಲಿ ವಾಸವಾಗಿದ್ದೇವೆ. ಸಾಹೇಬರೇ, ತಾವು ತಂಪು ಗಾಳಿ ಹುಟ್ಟಿಸುವವರಲ್ಲ. ಹೊರಗಿನ ಗಾಳಿ ಎಳೆದು ಒಳಗಿನ ಬಿಸಿ ಹೊತ್ತೊಯ್ಯುವವರು. ಹೊರಗಿನದೇ ಕಾದಿದ್ದರೆ ಅಷ್ಟೇ ಬಿಸಿ ಹೊರಲು ಹೆಚ್ಚು ಗಾಳಿ ಬೇಕು, ಹೆಚ್ಚು ಗಾಳಿಗೆ ಹೆಚ್ಚು ವೇಗ ಬೇಕು. ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು ಬರುತ್ತದೆ, ಆದರೆ ಅದಕ್ಕೆ ತಗಲುವ ಶಕ್ತಿ ಎಂಟು ಪಟ್ಟು. ಸಪ್ಪಳದ ಏರಿಕೆಯಂತೂ ಕೇಳುವುದೇ ಬೇಡ. ಬೆಂಗಳೂರಿನ ಎಸಿ ಕೋಣೆಯಲ್ಲಿ ಇದೇ ಅಪ್‌ಗ್ರೇಡ್ ಆದ ಇದೇ ಮಾದರಿ ಗುಯ್‌ಗುಟ್ಟುವುದೂ ಇಲ್ಲ. ಅಲ್ಲಿನವರಿಗೆ ನಮ್ಮ ದೂರು ಹೇಳಿದರೆ, "ನಮ್ಮಲ್ಲಿ ಏನೂ ತೊಂದರೆ ಇಲ್ಲವಲ್ಲ" ಎನ್ನುತ್ತಾರೆ. ಸರಿಯೇ ಹೇಳುತ್ತಾರೆ.

ಇನ್ನು ಧೂಳು. ಇದನ್ನು ಬರೆಯಲು ನನಗೆ ಉತ್ಸಾಹ ಹೆಚ್ಚು. ನಮ್ಮದು ಎರಿ ಭೂಮಿ. ಮಳೆ ಬಿದ್ದರೆ ಕಾಲಿಗೆ ಅಂಟಿ ಬಿಡದ ಮಣ್ಣು, ಬ್ಯಾಸಗಿಯಲ್ಲಿ ಬಿರುಕು ಬಿಟ್ಟು ಗಾಳಿಗೆ ಏಳುವ ಮಣ್ಣು ಒಂದೇ. ಅದರ ಜೇಡಿ ಕಣ ಎಷ್ಟು ಸಣ್ಣದೆಂದರೆ ಸೀರೆಯ ಸೆರಗಿನಲ್ಲಿ ಸೋಸಿದರೂ ದಾಟಿ ಬರುತ್ತದೆ. ಕಡಲಿ, ಜೋಳದ ರಾಶಿ ನಡೆಯುವ ದಿನಗಳಲ್ಲಿ ಮಷಿನ್ ಎಬ್ಬಿಸುವ ಹೊಟ್ಟು ಬೇರೆ. ರಸ್ತೆಗೆ ಮುಖ ಮಾಡಿದ ಅಂಗಡಿ. ಟ್ರ್ಯಾಕ್ಟರ್ ಒಂದು ಹೋದರೆ ಒಂದು ಪದರ, ಬಸ್ಸು ಹೋದರೆ ಇನ್ನೊಂದು. ತಾವು ಹೊಟ್ಟೆಯ ಕೆಳಗಿನ ಜಾಲರಿಯಿಂದ ಎಳೆದುಕೊಂಡಿದ್ದು ಇದನ್ನೇ. ಎಲ್ಲವೂ ಹೋಗಿ ಆ ಲೋಹದ ಎಸಳುಗಳ ಬಾಯಿಗೆ ಹಾಸಿ ಹಾಸಿ ಕೂತಿದೆ. ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಹಿಂಬದಿ ಮುಚ್ಚಳ ಬಿಚ್ಚಿದಾಗ ಅಲ್ಲಿ ಕಂಡದ್ದು ಬೂದು ಬಣ್ಣದ, ಒತ್ತಾಗಿ ಕುಳಿತ, ಉಗುರಿನಿಂದ ಎತ್ತಿದರೆ ಇಡಿಯಾಗಿ ಎದ್ದು ಬರುವ ಒಂದು ಪದರ. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು, "ಯಾವ ಊರು ನಿಮ್ಮದು?" ಅಂದರು. "ಅಣ್ಣಿಗೇರಿ ಕಡೇರಿ" ಅಂದೆ. "ಅದಕ್ಕ" ಅಂದರು. ನವಲಗುಂದದವರಿಗೂ ಕುಂದಗೋಳದವರಿಗೂ ಅದೇ ಉತ್ತರ ಸಿಗುತ್ತದಂತೆ. ಕಲಘಟಗಿಯವರದು ಬೇರೆ ಲೆಕ್ಕ. ಅಲ್ಲಿ ಮಳೆ ಹೆಚ್ಚು, ಧೂಳಿಗಿಂತ ತೇವದ ಕಾಟ.

ಹಾಗಾದರೆ ಅಪ್‌ಗ್ರೇಡಿನ ತಪ್ಪೇನೂ ಇಲ್ಲವೇ? ಇದೆ, ಅರ್ಧ. ಧೂಳು ವರ್ಷಗಳಿಂದ ಅಲ್ಲಿಯೇ ಇತ್ತು, ಹಳೆಯ ವ್ಯವಸ್ಥೆಯ ಹಗುರ ಕೆಲಸಕ್ಕೆ ಉಳಿದ ಸಂದಿ ಸಾಲುತ್ತಿತ್ತು. ಹೊಸದು ಬಂದು ಹೊರೆ ಏರಿಸಿತು, ಸಂದಿ ಸಾಲದಾಯಿತು. ಎರಡರಲ್ಲಿ ಒಂದನ್ನೇ ದೂರುವವರು ಇನ್ನೊಂದನ್ನು ನೋಡಿಲ್ಲ ಎಂದೇ ನನ್ನ ತೀರ್ಮಾನ. ಫಾರ್ಮ್ಯಾಟ್ ಹೊಡೆದಿದ್ದರೆ ಧೂಳು ಅಲ್ಲಿಯೇ ಇರುತ್ತಿತ್ತು, ನನ್ನ ಗಿರಾಕಿಗಳ ಕಡತಗಳು ಮಾತ್ರ ಹೋಗಿರುತ್ತಿದ್ದವು.

ಧೂಳು ತೆಗೆಯುವುದಕ್ಕೂ ಒಂದು ಕ್ರಮವಿದೆ. ಯಂತ್ರ ಪೂರ್ತಿ ಬಂದ್ ಇರಬೇಕು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿರಬೇಕು. ಬ್ಲೋವರ್ ಹಿಡಿಯುವ ಮೊದಲು ತಮ್ಮ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದಿರಬೇಕು. ಇಲ್ಲದಿದ್ದರೆ ಬ್ಲೋವರಿನ ಗಾಳಿಗೆ ತಾವು ಮಿತಿ ಮೀರಿ ತಿರುಗಿ ಬೇರಿಂಗ್ ಕೆಡಿಸಿಕೊಳ್ಳುತ್ತೀರಿ. ನಮ್ಮಲ್ಲಿ ಟ್ರ್ಯಾಕ್ಟರಿನ ಏರ್‌ಫಿಲ್ಟರ್ ಊದುವ ಕಂಪ್ರೆಸರನ್ನೇ ತಂದು ಲ್ಯಾಪ್‌ಟಾಪಿಗೆ ಹಿಡಿಯುವ ಧೀರರಿದ್ದಾರೆ, ಅವರಿಂದ ದೇವರು ತಮ್ಮನ್ನು ಕಾಯಲಿ. ಪ್ರೊಸೆಸರಿಗೂ ತಾಮ್ರದ ಪಟ್ಟಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗಿ ಪುಡಿಯಾಗಿರುತ್ತದೆ, ಹೇಗೂ ಬಿಚ್ಚಿದ ಮೇಲೆ ಅದನ್ನೂ ಹೊಸದಾಗಿ ಹಚ್ಚಿಸಿಬಿಡಬೇಕು.

ಮುಚ್ಚಳ ಬಿಚ್ಚುವ ಮೊದಲು ತಮ್ಮ ದನಿಯನ್ನು ಕಿವಿಗೊಟ್ಟು ಕೇಳಬೇಕು. ಸುಂಯ್ ಎಂಬ ಗಾಳಿಯ ದನಿಯಾದರೆ ಬಿಸಿಯ ದೂರು. ಕರಕರ, ಟರ್‌ಟರ್ ಎಂದರೆ ಬೇರಿಂಗ್ ಸವೆದಿದೆ, ಆಗ ತಮ್ಮನ್ನು ನಿವೃತ್ತಿಗೊಳಿಸಿ ಹೊಸಬರನ್ನು ನೇಮಿಸುವುದೇ ದಾರಿ. ದನಿಯ ಲೆಕ್ಕವೂ ಮೋಜಿನದು. ನಿಮಿಷಕ್ಕೆ 4,500 ಸುತ್ತು ಎಂದರೆ ಸೆಕೆಂಡಿಗೆ 75 ಸುತ್ತು. ರೆಕ್ಕೆಗಳು 31 ಇದ್ದರೆ ಸೆಕೆಂಡಿಗೆ 2,325 ಸಲ ಗಾಳಿ ಕಡಿದ ಹಾಗೆ; ಆ ಸಂಖ್ಯೆಯೇ ತಮ್ಮ ಶ್ರುತಿ. ಹೊರೆ ಏರಿದಂತೆ ಶ್ರುತಿ ಏರುತ್ತದೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಇದ್ದದ್ದು ಇದೇ ಜಿಲ್ಲೆಯ ಕುಂದಗೋಳದಲ್ಲಿ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ಅಂಥ ನೆಲದಲ್ಲಿ ಕೂತು ಶ್ರುತಿ ಬಿಟ್ಟು ಹಾಡಿದರೆ ಕೇಳುವ ಕಿವಿಗಳಿವೆ ಎಂಬ ಅಂಜಿಕೆಯಾದರೂ ತಮಗಿರಲಿ.

ಉಳಿದವು ಸಣ್ಣಪುಟ್ಟವು. ಅಪ್‌ಗ್ರೇಡ್ ಆದಾಗ ಕೆಲವೊಮ್ಮೆ ಪವರ್ ಮೋಡ್ ತಾನಾಗಿ ಬದಲಾಗಿರುತ್ತದೆ, ಅದನ್ನು ಬೆಸ್ಟ್ ಪರ್ಫಾರ್ಮನ್ಸ್‌ನಿಂದ ಬ್ಯಾಲೆನ್ಸ್ಡ್‌ಗೆ ತರಬೇಕು. ಗ್ರಾಫಿಕ್ಸ್ ಡ್ರೈವರ್, ಬಯೋಸ್ ಎರಡನ್ನೂ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ತರಬೇಕು. ತಮ್ಮ ವೇಗದ ಪಟ್ಟಿ ಹಲವು ಸಲ ಬಯೋಸ್ ಜೊತೆಗೇ ತಿದ್ದಿ ಬರುತ್ತದೆ. ಪವರ್ ಪ್ಲಾನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಹಲವು ಯಂತ್ರಗಳಲ್ಲಿ ಟರ್ಬೊ ಎಂಬ ಹೆಚ್ಚುವರಿ ವೇಗ ನಿಲ್ಲುತ್ತದೆ. ಒಂದು ಅಂಕಿ ಇಳಿಸಿದ್ದಕ್ಕೆ ಇಷ್ಟು ಶಾಂತಿ ಸಿಗುವ ಜಾಗ ಬೇರೆ ಕಂಡಿಲ್ಲ. ಅರ್ಜಿ ತುಂಬುವವರಿಗೆ ಆ ವೇಗದ ಅಗತ್ಯವೂ ಇಲ್ಲ, ಹೇಗೂ ಕಾಯುವುದು ಸರ್ವರಿಗಾಗಿ. ಸೇವಾ ಸಿಂಧು, ಫ್ರೂಟ್ಸ್, ಸಂರಕ್ಷಣೆ, ಭೂಮಿ ಎಂಬ ಸರಕಾರಿ ತಾಣಗಳೆಲ್ಲವನ್ನೂ ಬ್ರೌಸರಿನಲ್ಲಿ ಒಟ್ಟಿಗೆ ತೆರೆದಿಟ್ಟು ಫ್ಯಾನನ್ನು ಬೈಯುವ ಅಂಗಡಿಕಾರರಿಗೆ ನನ್ನಲ್ಲಿ ಅನುಕಂಪ ಕಡಿಮೆ. ಹಾಗೆಯೇ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ಜಮಖಾನದ ಮೇಲೆ ಇಡಬಾರದು, ಕೆಳಗಿನ ಜಾಲರಿ ಮುಚ್ಚಿಹೋಗುತ್ತದೆ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ನವಿಲುಗಳ ಚಿತ್ತಾರವಿದೆ, ಅದನ್ನು ನೇಯುವ ಹೆಣ್ಣುಮಕ್ಕಳ ಕೈ ಕಸುಬು ದೊಡ್ಡದು. ಅದರ ಮೇಲೆ ಅತಿಥಿಗಳು ಕೂರಲಿ. ತಮಗೆ ಒಂದು ಹಲಗೆ ಸಾಕು, ಅದರಡಿ ಎರಡು ಕಟ್ಟಿಗೆಯ ತುಂಡು ಇದ್ದರೆ ಇನ್ನೂ ಒಳ್ಳೆಯದು.

ಅಪ್‌ಗ್ರೇಡ್ ಕಳಿಸುವ ದೊಡ್ಡ ಯಜಮಾನರಿಗೆ ಒಂದು ಮಾತು ತಮ್ಮ ಮೂಲಕ ಮುಟ್ಟಿಸಬೇಕಿದೆ. ಅಪ್‌ಗ್ರೇಡಿಗೆ ಮೊದಲು ಚಿಪ್ ಇದೆಯೇ, ರ‍್ಯಾಮ್ ಇದೆಯೇ, ಜಾಗ ಇದೆಯೇ ಎಂದು ಕೇಳುವ ಪರದೆ ಇದೆಯಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಮುಗಿದ ಮೇಲೆ ಇಷ್ಟು ತಾಸು ಹಿನ್ನೆಲೆ ಕೆಲಸ ಇರುತ್ತದೆ, ಅಲ್ಲಿಯವರೆಗೆ ಯಂತ್ರ ಬಿಸಿಯಾಗುತ್ತದೆ, ಫ್ಯಾನ್ ಕೂಗುತ್ತದೆ. ಕನ್ನಡದಲ್ಲಿಯೇ ಬರೆಯಲಿ. ಬರೆದಿದ್ದರೆ ಈ ಜಿಲ್ಲೆಯಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳು ಸುಮ್ಮಸುಮ್ಮನೆ ಫಾರ್ಮ್ಯಾಟ್ ಆಗುವುದು ತಪ್ಪುತ್ತಿತ್ತು.

ತಮ್ಮ ಮೇಲಿನ ಆರೋಪ ಸಾಬೀತಾಗಿಲ್ಲ. ರಿಪೇರಿ ಮುಗಿದ ಮೇಲೆ ತಾವು ಮತ್ತೆ ಮೆತ್ತಗಾಗಿದ್ದೀರಿ. ಆದರೂ ಸೆಖೆಯ ಮಧ್ಯಾಹ್ನ ಜೋರಾಗಿ ತಿರುಗಬೇಕೆನಿಸಿದರೆ ಧಾರಾಳವಾಗಿ ತಿರುಗಿ. ಗಿರಾಕಿಗಳಿಗೆ ನಾನು ಹೇಳಿಕೊಳ್ಳುತ್ತೇನೆ.

ಇನ್ನು ಈ ಪತ್ರ ಓದುತ್ತಿರುವ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಅಂಗಡಿಯ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ವಿನಂತಿ. ರಾಶಿ ಮುಗಿದ ಕೂಡಲೇ, ಬ್ಯಾಸಗಿ ಏರುವ ಮೊದಲು, ಒಮ್ಮೆ ಧೂಳು ತೆಗೆಸಿರಿ. ಹೊಸ ಆವೃತ್ತಿ ಹಾಕುವುದಿದ್ದರೆ ಕರೆಂಟ್ ನಂಬುವಂತಿರುವ, ಗಿರಾಕಿ ಇಲ್ಲದ ದಿನ ಹಾಕಿರಿ. ಮುಂಗಾರು ಬೆಳೆ ವಿಮೆಯ ಕೊನೆಯ ವಾರದಾಗ ಮಾತ್ರ ಯಾರು ಎಷ್ಟೇ ಹೇಳಲಿ, ಹಾಕಬ್ಯಾಡ್ರಿ.

ಇತಿ ತಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕ